ಪಕ್ಕದ ಮನೆ ಹುಡುಗ ಬ್ರೆಜಿಲ್‌ನಲ್ಲಿ ವಾರವಿಡೀ ಏನು ಮಾಡುತ್ತಾನೆ?

ಪ್ರಶ್ನೆ: ನಾವು ಹಾಸನದ ಕಡೆಯವರು. ಯಜಮಾನರ ಸಾಫ್ಟ್‌ವೇರ್ ಕೆಲಸದಿಂದಾಗಿ ಅಮೆರಿಕದ ಯೂಟಾ ರಾಜ್ಯದ ಲೀಹೈ ಊರಿಗೆ ಬಂದು ಹಲವು ವರ್ಷವಾಯಿತು. ಪಕ್ಕದ ಮನೆಯವರು ಮಾರ್ಮನ್ ಪಂಥದವರು, ಒಳ್ಳೆಯ ಜನ. ಅವರ 19 ವರ್ಷದ ಮಗ ಈಗ ಬ್ರೆಜಿಲ್‌ನ ರೆಸಿಫೆಯಲ್ಲಿ ಮಿಷನರಿಯಾಗಿದ್ದಾನೆ. ಪ್ರತಿ ಸೋಮವಾರ ಬೀದಿಯವರಿಗೆಲ್ಲ ಅವನಿಂದ ಒಂದು ಮೇಲ್ ಬರುತ್ತದೆ, ನಮಗೂ ಬರುತ್ತದೆ. ಯಾವಾಗ ನೋಡಿದರೂ ‘ಈ ವಾರ ಅದ್ಭುತವಾಗಿತ್ತು’. ಮಳೆಯಲ್ಲಿ ನೆಂದ ಫೋಟೊ, ಯಾರದೋ ಮನೆಯ ಊಟದ ಫೋಟೊ, ಒಂದು ಬೈಬಲ್ ವಚನ. ನನ್ನ ಮಗ ಅವನ ಜೊತೆ ಬೆಳೆದವನು. ಮೇಲ್ ಓದಿ ಸುಮ್ಮನಾಗಿಬಿಡುತ್ತಾನೆ. ಅಷ್ಟು ದೂರ ಹೋಗಿ ಈ ಹುಡುಗರು ನಿಜವಾಗಿ ಮಾಡುವುದೇನು? ದುಡ್ಡು ಯಾರದು? ನಮಗೇಕೆ ಕಳಿಸುತ್ತಾರೆ, ನಮ್ಮನ್ನೂ ಸೇರಿಸಿಕೊಳ್ಳುವ ಆಲೋಚನೆಯೇ? ಉತ್ತರ ಬರೆಯುವುದಾದರೆ ಏನು ಬರೆಯಲಿ?

ಉತ್ತರ: ಆ ಮೇಲ್ ಯಾರು ಯಾರು ಓದುತ್ತಾರೆ ಅಂತ ಒಮ್ಮೆ ಎಣಿಸಿ ನೋಡಿ. ಅವನ ಅಮ್ಮ, ಅಜ್ಜಿ, ಅವನನ್ನು ಕಳಿಸಿಕೊಟ್ಟ ಸಭೆಯ ಹಿರಿಯರು, ನಾಳೆ ತಾವೂ ಹೋಗಬೇಕಾದ ಚಿಕ್ಕ ಹುಡುಗರು, ಜೊತೆಗೆ ನೀವು. ಇಷ್ಟು ಜನಕ್ಕೆ ಒಟ್ಟಿಗೆ ಬರೆಯಲು ಕೂತ 19ರ ಹುಡುಗ ‘ಅದ್ಭುತ’ ಅನ್ನದೆ ಇನ್ನೇನು ಅಂದಾನು? ಅದೇ ಸೋಮವಾರ ಅವನು ಇನ್ನೊಂದು ಪತ್ರವನ್ನೂ ಬರೆಯುತ್ತಾನೆ, ತನ್ನ ಮಿಷನ್ನಿನ ಅಧ್ಯಕ್ಷರಿಗೆ, ಅಂದರೆ ಆ ಪ್ರದೇಶದ ಮಿಷನರಿಗಳನ್ನೆಲ್ಲ ನೋಡಿಕೊಳ್ಳುವ ಹಿರಿಯರಿಗೆ. ಹುಷಾರು ತಪ್ಪಿದ್ದು, ಜೊತೆಗಾರನ ಮೇಲಿನ ಮುನಿಸು, ಕೆಲಸ ಸಾಗದಿದ್ದದ್ದು ಅಲ್ಲಿಗೆ ಹೋಗುತ್ತವೆ. ಅಲ್ಲಿಗೂ ಎಲ್ಲವೂ ಹೋಗುವುದಿಲ್ಲ ಅನ್ನುವುದು ಬೇರೆ ಮಾತು. ಹೀಗೆ ಹೋಗಿ ಬಂದ ಹುಡುಗರು ಹುಡುಗಿಯರು ನನ್ನ ತರಗತಿಗಳಲ್ಲಿ ಕೂತಿದ್ದಾರೆ. ತಮ್ಮ ಹಳೆಯ ಸೋಮವಾರದ ಪತ್ರಗಳನ್ನು ತೆಗೆದು ಓದಿ ಅವರೇ ನಗುತ್ತಾರೆ. ಸುಳ್ಳು ಬರೆದಿದ್ದೆವು ಅಂತಲ್ಲ, ವಾರದ ಬಹುಪಾಲನ್ನು ಬಿಟ್ಟೇ ಬರೆದಿದ್ದೆವಲ್ಲ ಅಂತ.

ಬಿಟ್ಟುಹೋಗುವ ಆ ಬಹುಪಾಲು ಹೇಗಿರುತ್ತದೆ ಅಂತ ಹೇಳುತ್ತೇನೆ. ಅದಕ್ಕೆ ಮೊದಲು ಎರಡು ಮಾತು. ಅಮೆರಿಕದ ಬೇರೆ ಅನೇಕ ಚರ್ಚುಗಳು ರಜೆಯಲ್ಲಿ ಹುಡುಗರನ್ನು ಗುಂಪಾಗಿ ಮೆಕ್ಸಿಕೊಗೋ ಹೈಟಿಗೋ ಕರೆದೊಯ್ದು, ಒಂದು ವಾರ ಗೋಡೆಗೆ ಬಣ್ಣ ಹೊಡೆಸಿ ವಾಪಸು ತರುತ್ತವೆ. ಆ ಗೋಡೆಗೆ ಊರಿನ ಪೇಂಟರನೇ ಸಾಕಾಗಿದ್ದ ಅನ್ನುವುದು ನನ್ನ ಅಭಿಪ್ರಾಯ, ಇರಲಿ. ನಿಮ್ಮ ನೆರೆಯ ಹುಡುಗನದು ಆ ಜಾತಿಯ ಪ್ರವಾಸವಲ್ಲ. 1830ರಲ್ಲಿ ಜೋಸೆಫ್ ಸ್ಮಿತ್ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ, ಈಗ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರವಿರುವ ಅವರ ಚರ್ಚಿನಲ್ಲಿ ಹುಡುಗರು 24 ತಿಂಗಳು, ಹುಡುಗಿಯರು 18 ತಿಂಗಳು ಹೀಗೆ ಹೋಗುತ್ತಾರೆ. ಮೊದಲು ಹುಡುಗರು 19, ಹುಡುಗಿಯರು 21 ತುಂಬುವವರೆಗೆ ಕಾಯಬೇಕಿತ್ತು. 2012ರ ಅಕ್ಟೋಬರ್‌ನಲ್ಲಿ ಅದನ್ನು 18 ಮತ್ತು 19ಕ್ಕೆ ಇಳಿಸಿದರು. 2025ರ ಕೊನೆಯಲ್ಲಿ ಹುಡುಗಿಯರಿಗೂ 18 ಆಯಿತು. ಹೈಸ್ಕೂಲು ಮುಗಿಸಿದವನು ಬೇರೆ ದಾರಿ ಹಿಡಿಯುವ ಮೊದಲೇ ಹೊರಟುಬಿಡುವಂತೆ ಆದದ್ದು 2012ರ ಆ ಬದಲಾವಣೆಯಿಂದ. ಯಾವ ದೇಶ ಅಂತ ಆರಿಸಿಕೊಳ್ಳುವ ಹಕ್ಕು ಇಲ್ಲ. ಅರ್ಜಿ ಹಾಕುತ್ತಾರೆ, ಸಾಲ್ಟ್ ಲೇಕಿನಿಂದ ನೇಮಕದ ಪತ್ರ ಬರುತ್ತದೆ. ಅದನ್ನು ತೆರೆಯುವ ಸಂಜೆ ಪಕ್ಕದ ಮನೆಯಲ್ಲಿ ನೆಂಟರಿಷ್ಟರ ಗದ್ದಲ ನೀವೂ ಕೇಳಿಸಿಕೊಂಡಿರಬಹುದು.

ಅಲ್ಲಿಂದ ಯೂಟಾದ ಪ್ರೊವೊದಲ್ಲಿರುವ ತರಬೇತಿ ಕೇಂದ್ರ, ಇಲ್ಲವೇ ಸಾವೊ ಪಾವ್ಲೊದಲ್ಲಿರುವ ಬ್ರೆಜಿಲ್‌ನ ಕೇಂದ್ರ. ಪೋರ್ಚುಗೀಸ್ ಕಲಿಯುವವನಿಗೆ ಅಲ್ಲಿ ಸಿಗುವುದು ಸುಮಾರು ಆರು ವಾರ. ಆರು ವಾರದ ಭಾಷೆ ಇಟ್ಟುಕೊಂಡು ರೆಸಿಫೆಯ ಬೀದಿಗೆ ಇಳಿದವನಿಗೆ ಪ್ರಾರ್ಥನೆ ಹೇಳಲು ಬರುತ್ತದೆ, ತನ್ನ ನಂಬಿಕೆ ಇಂಥದ್ದು ಅನ್ನಲು ಬರುತ್ತದೆ, ಎದುರಿನವರು ತಿರುಗಿ ಏನು ಅಂದರು ಅನ್ನುವುದು ತಿಳಿಯುವುದಿಲ್ಲ. ಮೊದಲ ಕೆಲವು ತಿಂಗಳ ಪತ್ರಗಳಲ್ಲಿ ಫೋಟೊ ಹೆಚ್ಚು, ಮಾತು ಕಡಿಮೆ ಇರುವುದಕ್ಕೆ ಇದೇ ಕಾರಣ.

ಈಗ ವಾರಕ್ಕೆ ಬರೋಣ. ಬೆಳಿಗ್ಗೆ ಆರೂವರೆಗೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಎಂಟರಿಂದ ಒಬ್ಬನೇ ಕೂತು ಗ್ರಂಥಾಧ್ಯಯನ, ಆಮೇಲೆ ಜೊತೆಗಾರನೊಂದಿಗೆ ಅಧ್ಯಯನ, ಭಾಷಾಭ್ಯಾಸ. ಹತ್ತು, ಹನ್ನೊಂದರ ಸುಮಾರಿಗೆ ಹೊರಗೆ ಬಿದ್ದರೆ ರಾತ್ರಿ ಒಂಬತ್ತಕ್ಕೆ ವಾಪಸು. ಹತ್ತೂವರೆಗೆ ದೀಪ ಆರಿಸಬೇಕು. 2017ರಿಂದ ಈ ವೇಳಾಪಟ್ಟಿಯನ್ನು ಆಯಾ ಊರಿಗೆ ತಕ್ಕಂತೆ ಅಲ್ಪಸ್ವಲ್ಪ ಬದಲಿಸಿಕೊಳ್ಳಲು ಬಿಟ್ಟಿದ್ದಾರೆ, ಒಟ್ಟು ಚೌಕಟ್ಟು ಮಾತ್ರ ಅದೇ. ಟಿವಿ ಇಲ್ಲ, ಸಿನಿಮಾ ಇಲ್ಲ, ಹುಡುಗಿಯರ ಒಡನಾಟ ಇಲ್ಲ. ಕೈಯಲ್ಲಿ ಸ್ಮಾರ್ಟ್‌ಫೋನ್ ಇರುತ್ತದೆ, ಅದರಲ್ಲಿ ಚರ್ಚು ಒಪ್ಪಿದ ಆ್ಯಪ್‌ಗಳು. ಈಜುವಂತಿಲ್ಲ. ರೆಸಿಫೆಯಂಥ ಕಡಲೂರಿನಲ್ಲಿ, ಆ ಸೆಕೆಯಲ್ಲಿ, ಸಮುದ್ರ ನೋಡುತ್ತ ಎರಡು ವರ್ಷ ನೀರಿಗಿಳಿಯದೆ ಇರುವುದು ಸಣ್ಣ ವ್ರತವಲ್ಲ.

ಎಲ್ಲಕ್ಕಿಂತ ಕಠಿಣವಾದ ನಿಯಮ ಜೊತೆಗಾರನದು. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಇಬ್ಬಿಬ್ಬರಂತೆ ಕಳಿಸಿದ ಪ್ರಸಂಗವಿದೆ, ಅದೇ ಆಧಾರ. ಬಚ್ಚಲಿಗೆ ಹೋಗುವಾಗ ಬಿಟ್ಟು ಉಳಿದ ಎಲ್ಲ ಹೊತ್ತೂ ಇಬ್ಬರೂ ಒಬ್ಬರಿಗೊಬ್ಬರು ಕಣ್ಣಳತೆಯಲ್ಲಿ, ಕಿವಿಯಳತೆಯಲ್ಲಿ ಇರಬೇಕು. ಯಾರ ಜೊತೆ ಯಾರು ಅಂತ ತೀರ್ಮಾನಿಸುವುದು ಮಿಷನ್ ಅಧ್ಯಕ್ಷರು. ಆರು ವಾರಕ್ಕೊಮ್ಮೆ ವರ್ಗಾವಣೆಯ ಸುದ್ದಿ ಬರುತ್ತದೆ: ಕೆಲವರು ಇದ್ದಲ್ಲೇ ಉಳಿಯುತ್ತಾರೆ, ಕೆಲವರು ಪೆಟ್ಟಿಗೆ ಕಟ್ಟಿಕೊಂಡು ಬೇರೆ ಊರಿನ ಬಸ್ಸು ಹತ್ತುತ್ತಾರೆ. ನಿಮ್ಮ ನೆರೆಯ ಹುಡುಗನ ಜೊತೆಗಾರ ದಕ್ಷಿಣ ಬ್ರೆಜಿಲ್‌ನವನಿರಬಹುದು, ಇಂಗ್ಲಿಷ್ ಒಂದಕ್ಷರ ಬಾರದವನೂ ಇರಬಹುದು. ಭಾಷೆ ಬೇಗ ಹತ್ತುವುದು ಇಂಥ ಜೊತೆಗಾರ ಸಿಕ್ಕಾಗ. ಗೊರಕೆ, ಪಾತ್ರೆ ತೊಳೆಯದ ಸೋಮಾರಿತನ, ಬೆಳಿಗ್ಗೆ ಏಳದ ಚಾಳಿ, ವಿಪರೀತ ಉತ್ಸಾಹ ಎಲ್ಲವನ್ನೂ 24 ಗಂಟೆ ಸಹಿಸಬೇಕು; ಎದ್ದು ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಂತಿಲ್ಲ. ಹೋಗಿ ಬಂದವರನ್ನು ಕೇಳಿ: ಮನೆಯ ನೆನಪಿಗಿಂತ, ಮುಖದ ಮೇಲೆ ಹಾಕಿದ ಬಾಗಿಲಿಗಿಂತ ಹೆಚ್ಚು ಕಾಡಿದ್ದು ಯಾವುದೋ ಒಬ್ಬ ಜೊತೆಗಾರ ಅನ್ನುತ್ತಾರೆ. ನಂತರದ ಬದುಕಿನಲ್ಲಿ ಎಲ್ಲರಿಗಿಂತ ಆಪ್ತನಾಗಿ ಉಳಿದವನೂ ಇನ್ಯಾವನೋ ಒಬ್ಬ ಜೊತೆಗಾರನೇ. ಪತ್ರದಲ್ಲಿ ‘ನನ್ನ ಜೊತೆಗಾರನಿಂದ ತಾಳ್ಮೆ ಕಲಿಯುತ್ತಿದ್ದೇನೆ’ ಅಂತ ಬಂದರೆ ಆ ವಾರ ಇಬ್ಬರ ನಡುವೆ ಮಾತು ನಿಂತಿತ್ತು ಅಂತ ಧಾರಾಳವಾಗಿ ಊಹಿಸಿಕೊಳ್ಳಿ.

ಸೋಮವಾರ ಅವರ ಬಿಡುವಿನ ದಿನ, ಅದೂ ಸಂಜೆಯವರೆಗೆ ಮಾತ್ರ. ಬಟ್ಟೆ ಒಗೆಯುವುದು (ವಾಷಿಂಗ್ ಮಷೀನ್ ಇಲ್ಲದ ಬಾಡಿಗೆ ಮನೆಯಾದರೆ ಹಿತ್ತಿಲ ಸಿಮೆಂಟು ತೊಟ್ಟಿಯಲ್ಲಿ ಕೈಯಿಂದಲೇ), ತರಕಾರಿ, ಕ್ಷೌರ, ಉಳಿದ ಹೊತ್ತಿನಲ್ಲಿ ಚೆಂಡಾಟ. ಮನೆಗೆ ಮಾತಾಡುವುದೂ ಅಂದೇ. 2019ರ ಫೆಬ್ರವರಿಯವರೆಗೆ ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ, ಮನೆಗೆ ಫೋನ್ ಮಾಡಬಹುದಿತ್ತು. ವಾರಕ್ಕೊಂದು ಇ-ಮೇಲ್ ಅಷ್ಟೆ. ಈಗ ಪ್ರತಿ ವಾರ ವಿಡಿಯೊ ಕರೆಗೂ ಅನುಮತಿ ಇದೆ. ನಿಮ್ಮ ನೆರೆಮನೆಯಾಕೆ ಸೋಮವಾರ ಬೆಳಿಗ್ಗೆ ಫೋನ್ ಕೈಯಲ್ಲಿ ಹಿಡಿದೇ ಓಡಾಡುತ್ತಿದ್ದರೆ ಕಾರಣ ಇದು. ರೆಸಿಫೆಯಲ್ಲಿ ಆಗ ಹೊತ್ತು ಮೂರು ನಾಲ್ಕು ಗಂಟೆ ಮುಂದಿರುತ್ತದೆ.

ಮಂಗಳವಾರದಿಂದ ನಡಿಗೆ. ಆ ಊರಿನ ಎಷ್ಟೋ ಮನೆಗಳಿಗೆ ಎತ್ತರದ ಕಾಂಪೌಂಡು, ಕಬ್ಬಿಣದ ಗೇಟು; ಗೇಟಿನ ಮುಂದೆ ನಿಂತು ಚಪ್ಪಾಳೆ ತಟ್ಟಿ ಕರೆಯುವುದು ಅಲ್ಲಿಯ ವಾಡಿಕೆ. ಬಿಳಿ ಅಂಗಿ, ಎದೆಯ ಮೇಲೆ ಕಪ್ಪು ಹೆಸರುಫಲಕ ಹಾಕಿಕೊಂಡ ಇಬ್ಬರು ಹುಡುಗರು ಮಟಮಟ ಮಧ್ಯಾಹ್ನದಲ್ಲಿ ಗೇಟಿನಿಂದ ಗೇಟಿಗೆ ಚಪ್ಪಾಳೆ ತಟ್ಟುತ್ತ ಹೋಗುವುದನ್ನು ಊಹಿಸಿಕೊಳ್ಳಿ. ಹೆಚ್ಚಿನ ಮನೆಯವರು ಸೌಜನ್ಯದಿಂದಲೇ ಬೇಡ ಅನ್ನುತ್ತಾರೆ. ಕೆಲವರು ಒಳಗೆ ಕರೆದು ಕೂರಿಸಿ ಪುಟ್ಟ ಲೋಟದಲ್ಲಿ ಕಾಫಿ ಕೊಡುತ್ತಾರೆ. ಅಲ್ಲೇ ಫಜೀತಿ. 1833ರಿಂದ ನಡೆದು ಬಂದ ಅವರ ಆಹಾರ ನಿಯಮದಲ್ಲಿ ಕಾಫಿ, ಚಹಾ, ಮದ್ಯ, ತಂಬಾಕು ನಿಷಿದ್ಧ. ಕಾಫಿ ಕೊಟ್ಟೇ ಮಾತಿಗೆ ಕೂರುವ ದೇಶದಲ್ಲಿ ಕಾಫಿ ಬೇಡ ಅನ್ನುತ್ತ, ಬೇಸರವಾಗದಂತೆ ಮಾತು ಮುಂದುವರಿಸುವುದನ್ನು ಅವನು ಮೊದಲ ತಿಂಗಳಲ್ಲೇ ಕಲಿತಿರುತ್ತಾನೆ. ಹಾಸನದವರಿಗೆ ಅದರ ಕಷ್ಟ ನಾನು ಬಿಡಿಸಿ ಹೇಳಬೇಕಿಲ್ಲ.

ಮಧ್ಯಾಹ್ನದ ಊಟ ಚರ್ಚಿನ ಸದಸ್ಯರ ಮನೆಗಳಲ್ಲಿ. ಬ್ರೆಜಿಲ್‌ನಲ್ಲಿ ದೊಡ್ಡ ಊಟ ಅದೇ, ಹಾಗಾಗಿ ಯಾವ ದಿನ ಯಾರ ಮನೆ ಅಂತ ಸಭೆಯಲ್ಲಿ ಪಟ್ಟಿ ಹಾಕಿರುತ್ತಾರೆ. ಅನ್ನ, ಹುರುಳಿಕಾಯಿ ಬೀಜದ ಗಟ್ಟಿ ಸಾರು, ಮರಗೆಣಸಿನ ಹುರಿದ ಹಿಟ್ಟು, ಕೋಳಿ. ನಿಮಗೆ ಬರುವ ಊಟದ ಫೋಟೊಗಳನ್ನು ಇನ್ನೊಮ್ಮೆ ತೆಗೆದು ನೋಡಿ: ಹಿಂದಿನ ಗೋಡೆಗೆ ಗಾರೆ ಇಲ್ಲ, ಕುರ್ಚಿಗಳು ಬೇರೆ ಬೇರೆ ಬಗೆಯವು, ತಟ್ಟೆ ಮಾತ್ರ ತುಂಬಿರುತ್ತದೆ. ಆ ಮನೆಯವರು ತಮಗೆ ಉಳಿಸಿಕೊಳ್ಳದೆ ಬಡಿಸಿರುವುದೂ ಉಂಟು. ಲೀಹೈಯ ಮೂರು ಕಾರಿನ ಗ್ಯಾರೇಜಿನ ಮನೆಯಿಂದ ಹೋದ ಹುಡುಗ ವಾರಕ್ಕೆ ಆರು ದಿನ ಬಡವರ ಕೈಯಡುಗೆ ಉಣ್ಣುತ್ತಾನೆ. ಅವನು ಹೇಳಿಕೊಟ್ಟದ್ದು ಆ ಮನೆಯಲ್ಲಿ ಎಷ್ಟು ದಿನ ನಿಲ್ಲುತ್ತದೋ, ಆ ಊಟ ಅವನಲ್ಲಿ ನಿಲ್ಲುತ್ತದೆ. ಇಡೀ ಏರ್ಪಾಟಿನಲ್ಲಿ ನನಗೆ ನಿಜಕ್ಕೂ ಬೆಲೆಯುಳ್ಳದ್ದು ಅನ್ನಿಸುವ ಭಾಗ ಇದು.

ಇನ್ನು ‘ಸೇವೆ’. ಗುಡ್ಡದ ಮೇಲಿನ ಯಾರದೋ ಮನೆಗೆ ಇಟ್ಟಿಗೆ ಹೊರುವುದು, ಗಾರೆ ಕಲೆಸುವುದು, ಮುದುಕಿಯ ಅಂಗಳ ಸ್ವಚ್ಛ ಮಾಡುವುದು, ಚರ್ಚಿನ ಹಳದಿ ಮೇಲಂಗಿ ತೊಟ್ಟು ಶಾಲೆಗೆ ಬಣ್ಣ ಹೊಡೆಯುವುದು ಇವೆಲ್ಲ ಇವೆ. ವಾರದಲ್ಲಿ ಅದಕ್ಕೆ ಸಿಗುವುದು ಕೆಲವೇ ಗಂಟೆ. ಫೋಟೊ ಚೆನ್ನಾಗಿ ಬರುವುದರಿಂದ ಪತ್ರದಲ್ಲಿ ಅದೇ ಎದ್ದು ಕಾಣುತ್ತದೆ. ಉಳಿದ ಹೊತ್ತೆಲ್ಲ ಪ್ರಚಾರಕ್ಕೆ: ಹೊಸಬರನ್ನು ಹುಡುಕುವುದು, ಪಾಠ ಹೇಳುವುದು, ಭಾನುವಾರ ಸಭೆಗೆ ಬನ್ನಿ ಅಂತ ಕರೆಯುವುದು. ಈ ವಿಷಯದಲ್ಲಿ ಅವರು ಮುಚ್ಚುಮರೆ ಮಾಡುವುದಿಲ್ಲ. ಆಸ್ಪತ್ರೆ ಕಟ್ಟಲೋ ಶಾಲೆ ನಡೆಸಲೋ ಹೋದವರು ಅಂತ ನಾವು ಅಂದುಕೊಂಡರೆ ಅದು ನಮ್ಮ ಊಹೆ ಅಷ್ಟೆ.

ಒಬ್ಬರಿಗೆ ದೀಕ್ಷಾಸ್ನಾನ ಆಗಬೇಕಾದರೆ ಹಲವು ಪಾಠ ಮುಗಿಯಬೇಕು, ಸಭೆಗೆ ಬರಬೇಕು, ಕಾಫಿ ಸಿಗರೇಟು ಬಿಡಬೇಕು, ಕೊನೆಗೆ ಒಂದು ಸಂದರ್ಶನ. ಬ್ರೆಜಿಲ್‌ನಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಮದುವೆ ನೋಂದಾಯಿಸದೆ ಹತ್ತಾರು ವರ್ಷ ಜೊತೆಗಿದ್ದು ಮಕ್ಕಳು ಮೊಮ್ಮಕ್ಕಳನ್ನು ಕಂಡ ಜೋಡಿಗಳು ಅಲ್ಲಿ ಧಾರಾಳ. ಈ ಚರ್ಚು ಅವರಿಗೆ ಮೊದಲು ಕಾನೂನುಬದ್ಧವಾಗಿ ಮದುವೆಯಾಗಿ ಅನ್ನುತ್ತದೆ. ಆಗ ಯೂಟಾದಿಂದ ಬಂದ, ಹೆಣ್ಣುಮಕ್ಕಳ ಜೊತೆ ಓಡಾಡಲೂ ಅನುಮತಿ ಇಲ್ಲದ ಹುಡುಗರು, ಐವತ್ತು ದಾಟಿದ ದಂಪತಿಯನ್ನು ಕರೆದುಕೊಂಡು ನೋಂದಣಿ ಕಚೇರಿಗೆ ಅಲೆಯುತ್ತಾರೆ: ಹಳೆಯ ಜನನ ಪತ್ರ ಯಾವ ಊರಲ್ಲಿದೆ, ಹಿಂದಿನ ಗಂಡನಿಂದ ವಿಚ್ಛೇದನ ಆಗಿದೆಯೇ, ಶುಲ್ಕ ಎಷ್ಟು. ವಾರಗಟ್ಟಲೆ ಇದಕ್ಕೇ ಹೋಗುತ್ತದೆ. ಪತ್ರದಲ್ಲಿ ಅದು ‘ಒಂದು ಕುಟುಂಬದ ಮದುವೆಗೆ ನೆರವಾದೆವು’ ಅನ್ನುವ ಒಂದು ಸಾಲಾಗಿ ಬರುತ್ತದೆ.

ಭಾನುವಾರ ಎರಡು ಗಂಟೆಯ ಸಭೆ. 2019ಕ್ಕೆ ಮೊದಲು ಮೂರು ಗಂಟೆ ಇತ್ತು. ಪ್ರಸಾದವಾಗಿ ಬ್ರೆಡ್ಡು ಮತ್ತು ನೀರು; ದ್ರಾಕ್ಷಾರಸ ಇಲ್ಲ. ವಾರವಿಡೀ ‘ಖಂಡಿತ ಬರುತ್ತೇವೆ’ ಅಂದವರಲ್ಲಿ ಯಾರು ಬಂದರು ಅಂತ ಇಬ್ಬರೂ ಬಾಗಿಲ ಕಡೆಗೇ ನೋಡುತ್ತ ಕೂರುತ್ತಾರೆ. ಸಂಜೆಗೆ ಅಂಕಿ ಅಂಶ ಒಪ್ಪಿಸಬೇಕು: ಹೊಸದಾಗಿ ಪಾಠ ಶುರು ಮಾಡಿದವರು ಎಷ್ಟು, ಸಭೆಗೆ ಬಂದವರು ಎಷ್ಟು, ದೀಕ್ಷೆಗೆ ದಿನ ಗೊತ್ತಾದವರು ಎಷ್ಟು.

ಆ ಅಂಕಿಗಳ ಬಗ್ಗೆ ಸ್ವಲ್ಪ ನಿಲ್ಲಬೇಕು. 2024ರಲ್ಲಿ ಲೋಕದಾದ್ಯಂತ ಈ ಚರ್ಚಿಗೆ ಹೊಸದಾಗಿ ಸೇರಿದವರು ಸುಮಾರು 3 ಲಕ್ಷ 8 ಸಾವಿರ; ಆ ವರ್ಷದ ಕೊನೆಗೆ ಪೂರ್ಣಾವಧಿ ಪ್ರಚಾರಕರು ಸುಮಾರು 74 ಸಾವಿರ. ಭಾಗಿಸಿದರೆ ತಲೆಗೆ ವರ್ಷಕ್ಕೆ ನಾಲ್ಕು. ಜೋಡಿಯ ಲೆಕ್ಕದಲ್ಲಿ ಆರು ವಾರಕ್ಕೆ ಒಬ್ಬರು. ಆಫ್ರಿಕಾದಲ್ಲಿ, ಬ್ರೆಜಿಲ್‌ನಲ್ಲಿ ಇದಕ್ಕಿಂತ ಹೆಚ್ಚು. ಯೂರೋಪಿನ ಎಷ್ಟೋ ಊರುಗಳಲ್ಲಿ ಎರಡು ವರ್ಷ ನಡೆದೂ ಒಬ್ಬಿಬ್ಬರು ಸಿಕ್ಕರೆ ಹೆಚ್ಚು. ಸೇರಿದವರಲ್ಲಿ ಉಳಿದವರೆಷ್ಟು? ಬ್ರೆಜಿಲ್‌ನ 2010ರ ಜನಗಣತಿ ಇದಕ್ಕೆ ಒಳ್ಳೆಯ ಸಾಕ್ಷಿ. ಆಗ ಚರ್ಚಿನ ದಾಖಲೆ ಪುಸ್ತಕದಲ್ಲಿ ಆ ದೇಶದ ಸದಸ್ಯರು 11 ಲಕ್ಷಕ್ಕೂ ಹೆಚ್ಚು. ಗಣತಿಯವರ ಮುಂದೆ ತಾವು ಈ ಪಂಥದವರು ಅಂತ ಹೇಳಿಕೊಂಡವರು ಸುಮಾರು 2 ಲಕ್ಷ 26 ಸಾವಿರ. ಚರ್ಚಿಗೆ ಬರುವುದು ನಿಲ್ಲಿಸಿದವರ ಹೆಸರೂ ಪುಸ್ತಕದಲ್ಲಿ ಉಳಿಯುವುದರಿಂದ ಈ ಅಂತರ. ಸಂಖ್ಯೆಯ ಒತ್ತಡ ಅತಿಯಾದಾಗ ಏನಾಗುತ್ತದೆ ಅನ್ನುವುದಕ್ಕೆ 1960ರ ದಶಕದ ಆರಂಭದ ಇಂಗ್ಲೆಂಡಿನ ಉದಾಹರಣೆಯಿದೆ: ಬೇಸ್‌ಬಾಲ್ ಆಡಿಸುವ ನೆಪದಲ್ಲಿ ಹುಡುಗರನ್ನು ಸೇರಿಸಿ ದೀಕ್ಷೆ ಕೊಟ್ಟುಬಿಟ್ಟಿದ್ದರು. ಆ ಮಕ್ಕಳಲ್ಲಿ ಹೆಚ್ಚಿನವರು ಮತ್ತೆ ಚರ್ಚಿನತ್ತ ಬರಲಿಲ್ಲ. ಚರ್ಚಿನೊಳಗೇ ಇಂದಿಗೂ ಅದು ಮುಜುಗರದ ಮಾತು.

ಹಾಗಾದರೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಹರೆಯದವರನ್ನು ಹೀಗೆ ಓಡಾಡಿಸುವುದು ಯಾವ ಲಾಭಕ್ಕೆ? ನನ್ನ ಉತ್ತರ ಇಷ್ಟು: ಈ ವಾರದ ಪಟ್ಟಿ, ಈ ನಿಯಮ, ಈ ಜೊತೆಗಾರ ಇವೆಲ್ಲ ಹೊರಗಿನವರನ್ನು ಸೇರಿಸುವುದಕ್ಕಿಂತ ಹೆಚ್ಚಾಗಿ ಹೋದವನನ್ನೇ ಗಟ್ಟಿ ಮಾಡುತ್ತವೆ. ದಿನಕ್ಕೆ ಹತ್ತು ಸಲ ‘ನನಗಿದು ಸತ್ಯವೆಂದು ಗೊತ್ತು’ ಅಂತ ಪರಭಾಷೆಯಲ್ಲಿ, ಪರಸ್ಥಳದಲ್ಲಿ ಎರಡು ವರ್ಷ ಹೇಳಿದವನಿಗೆ ಆ ಮಾತು ಮೈಗೂಡುತ್ತದೆ. ಹಿಂದಿರುಗಿದ ಮೇಲೆ ಆ ಸಮುದಾಯದಲ್ಲಿ ಅವನಿಗೊಂದು ಸ್ಥಾನ, ಮದುವೆಯ ಮಾತುಕತೆಯಲ್ಲೂ ಒಂದು ತೂಕ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಅದೇ ಬೀದಿಗಳಲ್ಲಿ ಪ್ರಶ್ನೆಗಳು ಹುಟ್ಟಿ, ಬಂದ ಮೇಲೆ ಚರ್ಚನ್ನೇ ಬಿಟ್ಟವರೂ ಇದ್ದಾರೆ.

ಬ್ರೆಜಿಲ್ ಅಂದಮೇಲೆ ಅಂಥ ಒಂದು ಪ್ರಶ್ನೆಯನ್ನು ಹೇಳಲೇಬೇಕು. 1978ರ ಜೂನ್‌ವರೆಗೆ ಈ ಚರ್ಚು ಆಫ್ರಿಕನ್ ಮೂಲದ ಗಂಡಸರಿಗೆ ಪುರೋಹಿತ ಅಧಿಕಾರ ಕೊಡುತ್ತಿರಲಿಲ್ಲ. ಆಫ್ರಿಕನ್ ಮೂಲದವರು, ಗಂಡಾಗಲಿ ಹೆಣ್ಣಾಗಲಿ, ಅವರ ಪವಿತ್ರ ದೇವಾಲಯದ (ಭಾನುವಾರದ ಸಭೆಯ ಚರ್ಚಲ್ಲ, ವಿಶೇಷ ವಿಧಿಗಳಿಗೇ ಮೀಸಲಾದ ಕಟ್ಟಡ) ಮುಖ್ಯ ವಿಧಿಗಳಿಗೆ ಪ್ರವೇಶ ಪಡೆಯುವಂತಿರಲಿಲ್ಲ. ರಕ್ತ ಬೆರೆತ ಬ್ರೆಜಿಲ್‌ನಲ್ಲಿ ಈ ಗೆರೆ ಎಳೆಯುವುದು ಹೇಗೆ? ಅಂದಿನ ಮಿಷನರಿ ಹುಡುಗರು ಮನೆಗಳಲ್ಲಿ ಕುಟುಂಬದ ಹಳೆಯ ಫೋಟೊ ನೋಡುವ ನೆಪದಲ್ಲಿ ಅಜ್ಜ ಅಜ್ಜಿಯರ ಮೈಬಣ್ಣ ಪರೀಕ್ಷಿಸುತ್ತಿದ್ದರು. ಸಾವೊ ಪಾವ್ಲೊದಲ್ಲಿ ದೇವಾಲಯ ಕಟ್ಟುವುದಾಗಿ 1975ರಲ್ಲಿ ಘೋಷಿಸಿದಾಗ, ಅದಕ್ಕೆ ದುಡಿದು ಕಾಣಿಕೆ ಕೊಟ್ಟವರಲ್ಲಿ ಒಳಗೆ ಕಾಲಿಡಲಾಗದವರೂ ಇದ್ದರು. 1978ರ ಜೂನ್‌ನಲ್ಲಿ ಇಡೀ ಚರ್ಚಿನ ಆಗಿನ ಅಧ್ಯಕ್ಷ ಸ್ಪೆನ್ಸರ್ ಕಿಂಬಲ್ ನಿಷೇಧ ತೆಗೆದರು. ಅಕ್ಟೋಬರ್ ಕೊನೆಗೆ ಆ ದೇವಾಲಯ ತೆರೆಯಿತು. ರೆಸಿಫೆಗೂ 2000ದ ಡಿಸೆಂಬರ್‌ನಲ್ಲಿ ಒಂದು ಬಂತು. ನಿಮ್ಮ ನೆರೆಯ ಹುಡುಗ ಈಗ ಚಪ್ಪಾಳೆ ತಟ್ಟುವ ಗೇಟುಗಳ ಹಿಂದಿರುವವರಲ್ಲಿ ಬಹಳ ಮಂದಿಗೆ ಅಂದು ಆ ಬಾಗಿಲು ಮುಚ್ಚಿತ್ತು. ಅವನಿಗೆ ಇದನ್ನು ಯಾರಾದರೂ ಮುಖಕ್ಕೆ ಕೇಳಿರುತ್ತಾರೆ. ಏನು ಹೇಳಿದ ಅನ್ನುವುದು ಸೋಮವಾರದ ಪತ್ರದಲ್ಲಿ ಬರುವುದಿಲ್ಲ.

ದುಡ್ಡಿನ ವಿಷಯ ಬೇಗ ಮುಗಿಯುತ್ತದೆ. ಸಂಬಳ ಇಲ್ಲ. ಅಮೆರಿಕದಿಂದ ಹೋಗುವವನ ಪರವಾಗಿ ಅವನೋ ಮನೆಯವರೋ ತಿಂಗಳಿಗೆ ಇಂತಿಷ್ಟು ಅಂತ ಚರ್ಚಿನ ಒಟ್ಟು ನಿಧಿಗೆ ಕಟ್ಟುತ್ತಾರೆ. 2020ರ ಜುಲೈನಲ್ಲಿ ಇದನ್ನು 400ರಿಂದ 500 ಡಾಲರ್‌ಗೆ ಏರಿಸಿದರು. ಆ ದರದಲ್ಲಿ ಎರಡು ವರ್ಷಕ್ಕೆ 12,000. ಟೋಕಿಯೊಗೆ ಹೋದರೂ ಅಷ್ಟೆ, ರೆಸಿಫೆಗೆ ಹೋದರೂ ಅಷ್ಟೆ. ಬಾಡಿಗೆಯನ್ನು ಮಿಷನ್ ಕಟ್ಟುತ್ತದೆ, ಊಟ ಬಸ್ಸಿಗೆ ಅಂತ ಕೈಗೆ ಸಣ್ಣ ಮೊತ್ತ ಬರುತ್ತದೆ. ಬಡ ದೇಶಗಳಿಂದ ಹೊರಡುವವರು ಕಡಿಮೆ ಕಟ್ಟುತ್ತಾರೆ, ಉಳಿದದ್ದನ್ನು ನಿಧಿ ತುಂಬುತ್ತದೆ. ಎಷ್ಟೋ ಮನೆಗಳಲ್ಲಿ ಮಗು ಹುಟ್ಟಿದಾಗಿನಿಂದಲೇ ಇದಕ್ಕಾಗಿ ಕೂಡಿಡುತ್ತಾರೆ.

ಕರ್ನಾಟಕದವರಿಗೆ ಮಿಷನರಿ ಅಂದರೆ ಬೇರೆಯೇ ಚಿತ್ರ ಕಣ್ಣಿಗೆ ಬರುತ್ತದೆ, ಅದರಿಂದಲೂ ನಿಮಗೆ ಗೊಂದಲವಾಗಿರಬಹುದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು, 1843ರಲ್ಲಿ ಪತ್ರಿಕೆ ಹೊರಡಿಸಿದ ಮೋಗ್ಲಿಂಗ್, 1853ರಲ್ಲಿ ಬಂದು 1894ರಲ್ಲಿ ನಿಘಂಟು ಮುಗಿಸಿದ ಕಿಟೆಲ್, ಇವರೆಲ್ಲ ವರ್ಷಗಟ್ಟಲೆ ಉಳಿದವರು. ನೆಲದ ಭಾಷೆಯಲ್ಲಿ ಮುಳುಗಲು ಅವರಿಗೆ ಆಯುಷ್ಯವಿತ್ತು. ಲೀಹೈಯ ಹುಡುಗನಿಗೆ ಇರುವುದು ಎರಡೇ ವರ್ಷ, ಒಂದೊಂದು ಬಡಾವಣೆಗೆ ಕೆಲವೇ ತಿಂಗಳು. ನೆಲ ಅರಿಯುವ ಹೊತ್ತಿಗೆ ವರ್ಗ. ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಸಮ: ಬಾಸೆಲ್‌ನವರೂ ತಾಯ್ನಾಡಿಗೆ ವರದಿ ಬರೆಯುತ್ತಿದ್ದರು, ಅವನ್ನು ಅಲ್ಲಿ ಅಚ್ಚು ಹಾಕಿ ದಾನಿಗಳಿಗೆ ಹಂಚುತ್ತಿದ್ದರು; ಅಲ್ಲೂ ಸೋಲುಗಳಿಗೆ ಜಾಗ ಕಡಿಮೆ. ಅಂದಹಾಗೆ ನಿಮ್ಮ ನೆರೆಯವರ ಚರ್ಚಿಗೂ 1993ರಿಂದ ಬೆಂಗಳೂರಿನಲ್ಲಿ ಒಂದು ಮಿಷನ್ ಕೇಂದ್ರವಿದೆ. ಭಾರತದ ತಮ್ಮ ಮೊದಲ ದೇವಾಲಯವನ್ನು ಅಲ್ಲೇ ಕಟ್ಟುವುದಾಗಿ 2018ರಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಗೆ ಸಮನಾದ ವಿಧಿ ಮುಗಿಸಿದರು. ಮುಂದಿನ ರಜೆಯಲ್ಲಿ ಬೆಂಗಳೂರಿಗೆ ಬಂದಾಗ ಕಪ್ಪು ಫಲಕದ ಇಬ್ಬರು ಹುಡುಗರು ಕಂಡರೆ ಅವರು ಭಾರತದವರೇ ಇರಬಹುದು; ಹೊರದೇಶದವರು ಈ ಕೆಲಸಕ್ಕೆ ಬರಬೇಕಾದರೆ ಮಿಷನರಿ ವೀಸಾ ಬೇಕು.

ನಿಮಗೇಕೆ ಕಳಿಸುತ್ತಾರೆ? ಬಹುಮಟ್ಟಿಗೆ ನೆರೆಹೊರೆಯ ಪ್ರೀತಿಯಿಂದ. ಹೊರಡುವಾಗ ಅಮ್ಮನೋ ಮಗನೋ ಗೊತ್ತಿದ್ದವರ ಮೇಲ್ ವಿಳಾಸಗಳನ್ನೆಲ್ಲ ಒಟ್ಟು ಮಾಡಿರುತ್ತಾರೆ. ಬಲೆ ಬೀಸಿದ್ದಾರೆ ಅಂತ ಹೆದರಬೇಕಿಲ್ಲ. ಹಾಗೆಂದು ‘ನಿಮ್ಮ ನಂಬಿಕೆಯ ಬಗ್ಗೆ ಇನ್ನಷ್ಟು ತಿಳಿಯುವ ಆಸೆ’ ಅಂತ ಸೌಜನ್ಯಕ್ಕೂ ಬರೆಯಬೇಡಿ. ನಮ್ಮ ಕಡೆ ಅದು ಬರಿಯ ಉಪಚಾರದ ಮಾತು. ಅವರಿಗೆ ಅದು ಆಹ್ವಾನ, ನಿಮ್ಮ ಬೀದಿಯ ಮಿಷನರಿ ಜೋಡಿ ಬಾಗಿಲಿಗೆ ಬಂದೇ ಬರುತ್ತದೆ. ಬೇಡದಿದ್ದರೆ ನಗುತ್ತಲೇ ಬೇಡ ಅನ್ನಿ. ಅವರು ಕೇಳಿ ಅಭ್ಯಾಸವಾದ ಮಾತು. ‘ಮಾರ್ಮನ್’ ಅನ್ನುವುದನ್ನು 2018ರಿಂದ ಅವರ ಮುಖಂಡರು ಬೇಡ ಅನ್ನುತ್ತಿದ್ದಾರೆ, ಪತ್ರದಲ್ಲಿ ‘ನಿಮ್ಮ ಚರ್ಚು’ ಅಂದರೆ ಸಾಕು.

ನನಗೆ ಹೆಚ್ಚು ಯೋಚನೆಯಾದದ್ದು ನಿಮ್ಮ ಮಗನದು. ಹೈಸ್ಕೂಲು ಮುಗಿದ ವರ್ಷ ಯೂಟಾದಲ್ಲಿ ಒಂದು ಸ್ನೇಹಿತರ ಗುಂಪೇ ದೇಶಾಂತರಕ್ಕೆ ಚದುರಿಹೋಗುತ್ತದೆ. ಒಬ್ಬ ಬ್ರೆಜಿಲ್, ಒಬ್ಬ ಜಪಾನ್, ಒಬ್ಬ ಘಾನಾ. ಹೊರಗಿನ ಮನೆಯ ಹುಡುಗ ಒಬ್ಬನೇ ಊರಲ್ಲಿ ಉಳಿಯುತ್ತಾನೆ. ಆ ಮೇಲ್ ಅವನಿಗೆ ಧರ್ಮದ ವಿಷಯವಾಗಿ ತಟ್ಟುತ್ತಿರಲಿಕ್ಕಿಲ್ಲ. ತನ್ನನ್ನು ಬಿಟ್ಟು ಎಲ್ಲರೂ ದೊಡ್ಡವರಾಗುತ್ತಿದ್ದಾರೆ ಅನ್ನುವಂತೆ ತಟ್ಟುತ್ತಿರಬಹುದು. ಊರಿಗೆಲ್ಲ ಬರುವ ಪತ್ರದ ಕೆಳಗೆ ಬರೆಯುವ ಬದಲು ಗೆಳೆಯನಿಗೆ ನೇರವಾಗಿ, ತಮ್ಮಿಬ್ಬರ ಭಾಷೆಯಲ್ಲಿ ಬರೆಯಲು ಹೇಳಿ. ಸ್ನೇಹಿತರಿಗೆ ಉತ್ತರಿಸಲು ಅವರಿಗೆ ಅನುಮತಿ ಇದೆ. ಆ ಉತ್ತರದಲ್ಲಿ ‘ಅದ್ಭುತ’ ಕಡಿಮೆ ಇರುತ್ತದೆ, ಡೆಂಗಿ ಬಂದು ಮಲಗಿದ್ದು, ಯಾರೋ ಫೋನ್ ಕಿತ್ತುಕೊಂಡು ಓಡಿದ್ದು ಇದ್ದರೆ ಅದೂ ಅಲ್ಲಿ ಬರುತ್ತದೆ.

ನೀವು ಬರೆಯುವಾಗ ಎಷ್ಟು ಜನ ಸೇರಿದರು ಅಂತ ಕೇಳಬೇಡಿ. ಅದನ್ನು ಕೇಳುವವರು ಅವನಿಗೆ ಸಾಕಷ್ಟಿದ್ದಾರೆ. ಆ ವಾರ ಯಾರ ಮನೆಯಲ್ಲಿ ಉಂಡ, ಅಡುಗೆ ಮಾಡಿದಾಕೆಯ ಹೆಸರೇನು, ಬೆಳಿಗ್ಗೆ ತಿಂಡಿಗೆ ಏನು ಮಾಡಿಕೊಳ್ಳುತ್ತಾನೆ, ಈಗಿನ ಜೊತೆಗಾರ ಯಾವ ಊರಿನವನು ಅಂತ ಕೇಳಿ. ಆ ಕಡೆ ಜೋಳದ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಬೆಣ್ಣೆ ಹಾಕಿ ತಿನ್ನುವ ಕುಸ್‌ಕುಸ್ ಅನ್ನುವ ತಿಂಡಿಯಿದೆ, ಮಾಡುವ ಬಗೆ ಕೇಳಿದರೆ ಒಂದು ಪುಟ ಬರೆಯುತ್ತಾನೆ. ನಿಮ್ಮ ಬೀದಿಯ ಸಣ್ಣಪುಟ್ಟ ಸುದ್ದಿ ಬರೆಯಿರಿ. ನಿಮ್ಮ ಮನೆಯಲ್ಲಿ ಯಾವ ದೇವರ ಹಬ್ಬ ನಡೆಯಿತು ಅಂತ ಹೇಳುವುದರಲ್ಲೂ ತಪ್ಪಿಲ್ಲ. ಬೇರೆಯವರ ನಂಬಿಕೆಯನ್ನು ಕೇಳಿಸಿಕೊಳ್ಳುವ ಅವಕಾಶ ಅವನಿಗೆ ಆ ವೇಳಾಪಟ್ಟಿಯಲ್ಲಿ ಹೆಚ್ಚು ಸಿಗುವುದಿಲ್ಲ. 1978ರ ವಿಷಯ ಎತ್ತಬೇಕೆನ್ನಿಸಿದರೆ ಅವನು ಹಿಂದಿರುಗಿದ ಮೇಲೆ ನಿಮ್ಮ ಅಡುಗೆಮನೆಯಲ್ಲಿ ಎತ್ತಿ, ಪಾಪ, ಜೊತೆಗಾರನ ಎದುರು ಓದುವ ಮೇಲ್‌ನಲ್ಲಿ ಬೇಡ.

ಇನ್ನೊಂದು. ಎರಡು ವರ್ಷ ತುಂಬುವ ಮೊದಲೇ ಅವನು ಮನೆಗೆ ಬಂದುಬಿಟ್ಟರೆ, ಯಾಕೆ ಅಂತ ನೀವು ಕೇಳಬೇಡಿ, ನಿಮ್ಮ ಮಗನಿಗೂ ಹೇಳಿಡಿ. ಕಾಯಿಲೆಯಿಂದ, ಮನಸ್ಸು ಕುಗ್ಗಿ, ಇನ್ನೇನೋ ಆಗಿ ಮುಂಚೆ ಬರುವವರು ಇರುತ್ತಾರೆ, ಆ ಸಮುದಾಯದಲ್ಲಿ ಅಂಥವರತ್ತ ಕಣ್ಣುಗಳು ಬೇರೆ ಥರ ತಿರುಗುತ್ತವೆ. ಪಂಥದ ಹೊರಗಿನ ನೆರೆಮನೆ ಅಂಥ ಹೊತ್ತಿನಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಭಾನುವಾರ ರಾತ್ರಿ ಮಲಗುವ ಮೊದಲೇ ಮೇಲ್ ಕಳಿಸಿಬಿಡಿ. ನೀವು ಸೋಮವಾರ ತಿಂಡಿ ಮುಗಿಸಿ ಕೂರುವ ಹೊತ್ತಿಗೆ ಅವನು ಬಟ್ಟೆ ಒಗೆದು, ಓದಿ, ಉತ್ತರ ಬರೆಯಲು ಶುರು ಮಾಡಿರುತ್ತಾನೆ.